ನೀಲಕ್ಕನನ್ನು ಗ್ಯಾರೇಜಿನಿಂದ ಕರೆದ ಭಾನುವಾರ

೧೯೮೬ರಲ್ಲಿ ನಾನು ಓದು ನಿಲ್ಲಿಸಿದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡೂ ಹೋದವು. ಇನ್ನೊಮ್ಮೆ ಕಟ್ಟು ಎಂದು ಅಪ್ಪ ಹೇಳಿದರು. ನಾನು ಕಟ್ಟಲಿಲ್ಲ, ಹುಬ್ಬಳ್ಳಿಯ ಒಂದು ಖಾನಾವಳಿಗೆ ಹೋಗಿ ಪಾತ್ರೆ ತೊಳೆಯಲು ನಿಂತೆ. ಎರಡು ವರ್ಷಕ್ಕೆ ಪಾತ್ರೆಯಿಂದ ಹಂಚಿನ ಮುಂದಕ್ಕೆ ಬಂದೆ, ಆಮೇಲೆ ಇಡೀ ಅಡುಗೆಯೇ ನನ್ನ ಕೈಗೆ ಬಂತು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆ ಆಗಿಲ್ಲ. ನಾಚಿಕೆಯ ಸಂಗತಿ ಬೇರೆ ಇದೆ.

ಅಮೆರಿಕಕ್ಕೆ ಬಂದದ್ದು ತಂಗಿ ಹಾಕಿದ ಅರ್ಜಿಯ ಮೇಲೆ. ಇಲ್ಲಿಯ ಪೌರರು ಒಡಹುಟ್ಟಿದವರನ್ನು ಕರೆಸಿಕೊಳ್ಳಬಹುದು, ಆದರೆ ಸರದಿ ಬರಲು ಹತ್ತು ವರ್ಷದ ಮೇಲೇ ಹಿಡಿಯುತ್ತದೆ. ಷಿಕಾಗೋ ಬಳಿಯ ಬೋಲಿಂಗ್‌ಬ್ರೂಕ್‌ನಲ್ಲಿ ಗೋದಾಮಿನ ಕೆಲಸ ಮಾಡಿದೆ, ಫೋರ್ಕ್‌ಲಿಫ್ಟ್ ಓಡಿಸಿದೆ. ತಂಗಿಯ ಗಂಡನಿಗೆ ಮಿಶಿಗನ್ನಿನ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗದ ಕಂಪನಿಯಲ್ಲಿ ನೌಕರಿ ಸಿಕ್ಕಾಗ ಎಲ್ಲರೂ ಈ ಕಡೆ ಬಂದೆವು. ೨೦೧೨ರಲ್ಲಿ ಕ್ಯಾಂಟನ್‌ನ ಒಂದು ಇಂಡಿಯನ್ ಸ್ಟೋರಿನ ಹಿಂದಿದ್ದ ಕಿಚನ್ ಬಾಡಿಗೆಗೆ ಹಿಡಿದು ಕೇಟರಿಂಗ್ ಶುರು ಮಾಡಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ, ಹೋಳಿಗೆ. ಗೃಹಪ್ರವೇಶ, ಸೀಮಂತ, ಗ್ರ್ಯಾಜುಯೇಷನ್ ಪಾರ್ಟಿ, ಎಲ್ಲದಕ್ಕೂ ನನ್ನದೇ ವ್ಯಾನು ಬರುವಂತಾಯಿತು.

ತೆರಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಂಬಳಕ್ಕಿರುವವನ ಪೇಚೆಕ್‌ನಿಂದ ವೃದ್ಧಾಪ್ಯದ ಪಿಂಚಣಿಗೆಂದು ಒಂದಿಷ್ಟು ಕಡಿತವಾಗುತ್ತದೆ, ಅಷ್ಟನ್ನೇ ಕಂಪನಿಯೂ ಹಾಕುತ್ತದೆ. ಸ್ವಂತ ದುಡಿಮೆಯವನಿಗೆ ಎರಡೂ ಪಾಲು ಅವನ ಜೇಬಿನದೇ. ಅದರ ಮೇಲೆ ಕೆಲಸದವರ ಪಾಲಿನ ಅರ್ಧ, ಲೈಸೆನ್ಸು, ಇನ್‌ಸ್ಪೆಕ್ಷನ್ ಫೀ. ಏಪ್ರಿಲ್ ಬಂತೆಂದರೆ ನನಗೆ ಮೈಯೆಲ್ಲ ಉರಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಈರುಳ್ಳಿ ಹೆಚ್ಚಿದವನು ನಾನು, ಒಲೆ ಹಚ್ಚದ ಸರ್ಕಾರಕ್ಕೆ ಯಾಕೆ ಇಷ್ಟು ದೊಡ್ಡ ತಟ್ಟೆ ಎಂದು ಕೇಳುತ್ತಿದ್ದೆ. ಪೌರತ್ವ ಬಂದಾಗಿನಿಂದ ತೆರಿಗೆ ಇಳಿಸುತ್ತೇನೆ ಎನ್ನುವ ಅಭ್ಯರ್ಥಿಗೇ ನನ್ನ ಓಟು. ಇವತ್ತಿಗೂ ಹಾಗೆಯೇ. ಅದಕ್ಕೂ ನನಗೆ ನಾಚಿಕೆಯಿಲ್ಲ.

ಈಗ ನೀಲಕ್ಕ. ಬಾಗಲಕೋಟೆ ಕಡೆಯವಳು, ನನಗಿಂತ ಎಂಟು ವರ್ಷ ದೊಡ್ಡವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅಕ್ಕನ ಮಗಳೊಬ್ಬಳು ಬೋಲಿಂಗ್‌ಬ್ರೂಕ್‌ನಲ್ಲಿದ್ದಳು. ನನ್ನ ಕಿಚನ್‌ನಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಇವಳೊಬ್ಬಳೇ. ಊರಿನಿಂದ ಗಂಡ ಹೊತ್ತು ತಂದಿದ್ದ ಅಗಲ ತಟ್ಟೆಯಂಥ ಕಟ್ಟಿಗೆಯ ಪರಾತವೊಂದಿತ್ತು, ಅದರಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ಹಿಟ್ಟು ನಾದುತ್ತಿರಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಬೇಕು, ಕಣ್ಣಿಗೂ ಚಿಕಿತ್ಸೆ ನಡೆದಿತ್ತು. ಅದರ ಖರ್ಚನ್ನು ಮೆಡಿಕೇಡ್ ಎಂಬ ಸರ್ಕಾರಿ ವಿಮೆ ನೋಡಿಕೊಳ್ಳುತ್ತಿತ್ತು. ಆದಾಯ ಒಂದು ಮಿತಿಯೊಳಗಿದ್ದವರಿಗೆ ಮಾತ್ರ ಆ ಕಾರ್ಡು.

ಆರ್ಡರುಗಳು ಹೆಚ್ಚಾದಾಗ ನಾನು ಒಮ್ಮೆ ಕೇಳಿದ್ದೆ: "ಅಕ್ಕಾರ, ವಾರಕ್ಕ ಇನ್ನೆರಡು ದಿನ ಬರ್ರಿ."

"ಬ್ಯಾಡಪ್ಪಾ ಈರಣ್ಣ. ತಾಸು ಹೆಚ್ಚಾದ್ರ ಪಗಾರ ಹೆಚ್ಚಾಗ್ತದ. ಪಗಾರ ಹೆಚ್ಚಾದ್ರ ಕಾರ್ಡ್ ಹೋಗ್ತದ. ಆಮ್ಯಾಲೆ ನನ್ನ ಸೂಜಿಗೆ ಯಾರ ಕೊಡ್ತಾರ, ನೀ ಕೊಡ್ತೀಯೇನು?"

ನಾನು ನಕ್ಕುಬಿಟ್ಟೆ. ಕೇಟರಿಂಗ್‌ನಂಥ ಸಣ್ಣ ಧಂದೆಯವನು ಕೆಲಸದವರಿಗೆ ವಿಮೆ ಕೊಡಬೇಕೆಂಬ ಕಾನೂನಿಲ್ಲ. ನಾನು ಕೊಟ್ಟಿರಲಿಲ್ಲ.

೨೦೨೪ ಅಧ್ಯಕ್ಷೀಯ ಚುನಾವಣೆಯ ವರ್ಷ. ಮಿಶಿಗನ್ ಯಾವ ಕಡೆಗೂ ವಾಲಬಹುದಾದ ರಾಜ್ಯವಾದ್ದರಿಂದ ಅಭ್ಯರ್ಥಿಗಳ ಜನ ನಮ್ಮ ಸಬ್‌ಡಿವಿಷನ್‌ಗಳಲ್ಲಿ ಬಾಗಿಲು ಬಾಗಿಲು ತಟ್ಟುತ್ತಿದ್ದರು. ಸೆಪ್ಟೆಂಬರಿನಲ್ಲಿ ಪ್ಲಿಮತ್‌ನ ಡಾಕ್ಟರ್ ಅನಂತ್ ಫೋನ್ ಮಾಡಿದರು. ತಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಒಂದು ಸಭೆ, ತೆರಿಗೆ ಇಳಿಸುವ ಅಭ್ಯರ್ಥಿಯ ಪರವಾಗಿ. ಅರವತ್ತು ಜನಕ್ಕೆ ಊಟ.

"ಅಡುಗೆ ಅಂತೂ ನಿಮ್ಮದೇ ಈರಣ್ಣ ಅವರೇ. ಜೊತೆಗೆ ಐದು ನಿಮಿಷ ನೀವು ಮಾತಾಡ್ಬೇಕು."

"ನಾನಾ? ನಾನೇನ್ ಮಾತಾಡ್ಲಿ ಡಾಕ್ಟ್ರೇ?"

"ನೋಡಿ, ಡಾಕ್ಟರ್‌ಗಳು ಟ್ಯಾಕ್ಸ್ ಜಾಸ್ತಿ ಅಂತ ಗೋಳಾಡಿದ್ರೆ ನಾಯೀನೂ ತಿರುಗಿ ನೋಡಲ್ಲ. ನಿಮ್ಮಂಥ ಕಷ್ಟಪಟ್ಟು ಮೇಲೆ ಬಂದೋರು ಹೇಳಿದ್ರೆ ತೂಕ ಬರುತ್ತೆ."

ಅಂಥವರ ಮನೆಯಲ್ಲಿ ನಾನು ನೂರಾರು ಸಲ ಬಡಿಸಿದ್ದೆ. ಮೈಕು ಕೈಗೆ ಕೊಡುತ್ತೇನೆ ಅಂದವರು ಇವರೇ ಮೊದಲು. ಹೊಸ ಕೋಟು ಕೊಂಡೆ. ಭಾನುವಾರ ವ್ಯಾನು ಓಡಿಸುತ್ತ ಇಂಗ್ಲಿಷ್ ಮಾತುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಪರಾತ ತೊಡೆಯ ಮೇಲಿಟ್ಟುಕೊಂಡು ಕೂತ ನೀಲಕ್ಕನಿಗೆ ನಗು.

"ಕೋಟ ಭಾಳ ಛಲೋ ಐತಿ. ನೀನ ನಿಂತೀಯೇನು ಎಲೆಕ್ಷನ್ನಿಗೆ?"

"ನಿಂತ್ರ ಓಟ್ ಹಾಕ್ತೀರೇನ್ರಿ?"

"ಹಿಂದಿನ ವಾರದ ಹೋಳಿಗಿ ಉಪ್ಪ ಆಗಿತ್ತು ಅಂತ ಒಪ್ಪಿಕೊಂಡ್ರ ಹಾಕ್ತೇನಿ."

ಬಿಸಿ ರೊಟ್ಟಿಯ ಆರ್ಡರಿದ್ದರೆ ನಾವು ಮನೆಯವರ ಗ್ಯಾರೇಜಿನಲ್ಲಿ ಪ್ರೊಪೇನ್ ಒಲೆ ಹೂಡುತ್ತೇವೆ. ಹೊಗೆ ಮನೆಯೊಳಗೆ ಹೋಗಬಾರದಲ್ಲ. ನೀಲಕ್ಕ ಹನ್ನೊಂದಕ್ಕೆ ಬಡಿಯಲು ಕೂತವಳು ಎರಡು ಗಂಟೆಯವರೆಗೆ ಏಳಲಿಲ್ಲ. ಒಳಗಿನ ಭಾಷಣ ಅವಳಿಗೆ ಕೇಳಿಸುವಂತಿರಲಿಲ್ಲ, ಕೇಳಿಸಿದರೂ ಅಷ್ಟು ಇಂಗ್ಲಿಷ್ ಅವಳಿಗೆ ಬರುತ್ತಿರಲಿಲ್ಲ.

ಊಟ ನಡೆಯುತ್ತಿದ್ದಾಗಲೇ ಡಾಕ್ಟರು ನನ್ನನ್ನು ಎಬ್ಬಿಸಿದರು. ಪಾತ್ರೆ ತೊಳೆದದ್ದು, ಗೋದಾಮು, ಎರಡು ಪಾಲಿನ ತೆರಿಗೆ, ಎಲ್ಲ ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಕೆಲವರು ಫೋನ್ ನೋಡುತ್ತಿದ್ದರು. ನನ್ನ ಇಂಗ್ಲಿಷ್ ನನಗೇ ಒಣ ರೊಟ್ಟಿಯಂತೆ ಅನ್ನಿಸತೊಡಗಿತು. ಆಗ, ಹೇಗಾದರೂ ಇವರನ್ನು ನಗಿಸಬೇಕು ಅನ್ನಿಸಿತು. ಕಟ್ಟಿಕೊಂಡು ಬಂದಿರದ ಮಾತು ಬಾಯಿಗೆ ಬಂತು.

ನನ್ನ ಕಿಚನ್‌ನಲ್ಲಿ ಒಬ್ಬ ಹೆಂಗಸಿದ್ದಾಳೆ ಎಂದೆ. ಹೆಚ್ಚು ಕೆಲಸ ಕೊಡುತ್ತೇನೆ ಅಂದರೆ ಬೇಡ ಅನ್ನುತ್ತಾಳೆ, ಯಾಕೆಂದರೆ ದುಡಿದರೆ ಸರ್ಕಾರದ ಕಾರ್ಡು ಹೋಗುತ್ತದೆ. ಅವಳ ಪಗಾರವೂ ನನ್ನದು, ಅವಳ ಔಷಧಿಯೂ ನನ್ನ ತೆರಿಗೆಯದು, ಕೊನೆಗೆ ಅವಳ ಸೋಮಾರಿತನಕ್ಕೂ ನಾನೇ ದುಡ್ಡು ಕೊಡುತ್ತಿದ್ದೇನೆ. ಈಗ ನೀವೇ ಹೇಳಿ, ನಮ್ಮಿಬ್ಬರಲ್ಲಿ ಬಾಸ್ ಯಾರು?

ಅರವತ್ತು ಜನ ಒಟ್ಟಿಗೆ ನಕ್ಕರು. ಹಾಗೆ ನಗಿಸಿದ ಸುಖ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಹೆಸರು ಹೇಳಿಲ್ಲ, ಆದ್ದರಿಂದ ತಪ್ಪಿಲ್ಲ ಎಂಬುದು ಆ ಕ್ಷಣದ ನನ್ನ ಲೆಕ್ಕ. ನಮ್ಮ ಮನೆಗಳ ಒಂದು ಪದ್ಧತಿ ನನಗೆ ಮರೆತೇ ಹೋಗಿತ್ತು. ಊಟ ಚೆನ್ನಾಗಾದರೆ ಮನೆಯಾಕೆ ಅಡುಗೆಯವರನ್ನು ಹೊರಗೆ ಕರೆದು ಎಲ್ಲರಿಂದ ಚಪ್ಪಾಳೆ ಹೊಡೆಸುತ್ತಾರೆ. ಡಾಕ್ಟರ ಹೆಂಡತಿ ಸುಧಾ ಮೇಡಂ ಒಳಗೆ ಹಣ್ಣು ಹೆಚ್ಚುತ್ತಿದ್ದರು, ನನ್ನ ಮಾತು ಕೇಳಿರಲಿಲ್ಲ. ನಾನು ಮೈಕು ಕೆಳಗಿಡುವ ಮೊದಲೇ ಗ್ಯಾರೇಜಿನ ಬಾಗಿಲು ತೆಗೆದು ಕೂಗಿದರು.

"ನೀಲಕ್ಕಾ, ಬನ್ನಿ ಬನ್ನಿ, ಇಲ್ಲಿ ಬನ್ನಿ! ಎಲ್ಲರೂ ಒಂದು ಚಪ್ಪಾಳೆ ಹೊಡೀರಪ್ಪ, ಇವತ್ತಿನ ರೊಟ್ಟಿ ಪೂರ್ತಿ ಇವರೇ ಮಾಡಿದ್ದು."

ಮೊಣಕೈವರೆಗೆ ಹಿಟ್ಟು, ಒಲೆಯ ಕಾವಿಗೆ ಕೆಂಪಾದ ಮುಖ. ಬಾಗಿಲಲ್ಲಿ ನಿಂತಳು. ಯಾರೋ ಇಂಗ್ಲಿಷಿನಲ್ಲಿ, ಓ, ಆ ಹೆಂಗಸು ಇವರೇನಾ ಅಂದರು. ಹಿಂದಿನ ಸಾಲಿನಿಂದ ಇನ್ನೊಬ್ಬರು, "ಬಾಸ್ ಬಂದ್ರು, ಎದ್ ನಿಂತ್ಕೊಳ್ರೋ!" ಎಂದರು. ಮತ್ತೆ ನಗು, ಮೊದಲಿಗಿಂತ ಜೋರು. ನಿಜವಾಗಿಯೂ ಇಬ್ಬರು ಎದ್ದು ನಿಂತರು.

ನೀಲಕ್ಕನೂ ನಕ್ಕಳು. ಹಿಟ್ಟಿನ ಕೈಗಳನ್ನು ಜೋಡಿಸಿ, ಈ ಕಡೆಗೆ, ಆ ಕಡೆಗೆ, ಎದ್ದು ನಿಂತಿದ್ದ ಇಬ್ಬರಿಗೆ ಬೇರೆಯಾಗಿ ಬಗ್ಗಿ, ನಮಸ್ಕಾರ ಮಾಡಿದಳು. ನಾನು ಮೈಕು ಬಗಲಲ್ಲಿ ಹಿಡಿದುಕೊಂಡು ಚಪ್ಪಾಳೆ ಹೊಡೆದೆ.

ತಿರುಗಿ ಬರುವಾಗ ವ್ಯಾನಿನಲ್ಲಿ ಕೇಳಿದಳು: "ಎಷ್ಟ ನಕ್ಕರಲ್ಲ ಮಂದಿ. ಯಾಕ ನಕ್ಕರು?"

"ರೊಟ್ಟಿ ಛಲೋ ಆಗ್ಯಾವ ಅಂತ, ಅಕ್ಕಾರ."

"ರೊಟ್ಟಿ ಛಲೋ ಆದ್ರ ನಗ್ತಾರೇನು? ಹುಚ್ಚ ಮಂದಿ," ಎಂದು ಖುಷಿಯಿಂದ ಕಿಟಕಿಯ ಕಡೆ ತಿರುಗಿದಳು.

ಸೋಮವಾರ ಡಾಕ್ಟರ ಮಗಳು ಮೇಘನಾ ಫೋನ್ ಮಾಡಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕಾಲೇಜಿನ ಜೊತೆಗೆ ಪ್ರಚಾರದ ಕೆಲಸ ಮಾಡುತ್ತಿದ್ದಳು. "ಅಂಕಲ್, ದಟ್ ಲೇಡಿ ಈಸ್ ಪರ್ಫೆಕ್ಟ್," ಎಂದಳು. ಆ ಹೆಂಗಸಿನದೊಂದು ವಿಡಿಯೊ ಬೇಕಂತೆ. ರೊಟ್ಟಿ ಬಡಿಯುತ್ತ, ಹೆಚ್ಚು ದುಡಿಯಲು ತನಗೇಕೆ ಭಯ ಎಂದು ಕನ್ನಡದಲ್ಲೇ ಒಂದು ನಿಮಿಷ ಹೇಳಿದರೆ ಸಾಕು, ಕೆಳಗೆ ಇಂಗ್ಲಿಷ್ ಹಾಕುತ್ತಾರೆ. ನಾನು ಕೇಳಿ ನೋಡುತ್ತೇನೆ ಎಂದೆ. ಅಲ್ಲಿಯೇ ಇಲ್ಲ ಎನ್ನಬಹುದಿತ್ತು. ದೊಡ್ಡವರ ಕೆಲಸಕ್ಕೆ ನನ್ನ ಕಿಚನ್ ಬೇಕಾಯಿತಲ್ಲ ಎಂಬ ಹಿಗ್ಗು ಬಿಡಲಿಲ್ಲ.

ಮಂಗಳವಾರ ಅವಳು ಹಿಟ್ಟು ನಾದುವಾಗ ವಿಷಯ ತೆಗೆದೆ. ವಿಡಿಯೊ ಯಾಕೆ, ನಾನೇ ಯಾಕೆ ಎಂದು ಕೇಳಿದಳು. ಕೇಳುತ್ತ ಹೋದಂತೆ ನಾನು ಭಾನುವಾರ ಆಡಿದ್ದನ್ನೆಲ್ಲ ಹೇಳಲೇಬೇಕಾಯಿತು. ಸೋಮಾರಿ ಎಂಬ ಮಾತೊಂದನ್ನು ನುಂಗಲು ನೋಡಿದೆ.

"ಅಷ್ಟಕ್ಕ ನಕ್ಕರೇನು? ಇನ್ನೇನರ ಅಂದಿರ್ತಿ, ಹೇಳು."

ಹೇಳಿದೆ.

ನಾದುವ ಕೈ ನಿಂತಿತು. ಬೈಯುತ್ತಾಳೆ ಅಂದುಕೊಂಡೆ.

"ನಾ ಅವರಿಗೆ ಕೈ ಮುಗದೆ, ಈರಣ್ಣ," ಎಂದಳು.

ಮತ್ತೆ ಹಿಟ್ಟಿಗೆ ಕೈ ಹಾಕಿ, "ಆ ವಿಡಿಯೊ ನೋಡಿ ಕಾರ್ಡಿನವರು ನನ್ನ ಕಾರ್ಡ್ ಕಸಗೊಂಡ್ರ? ಅದೂ ನಿನಗ ಹೊಳೀಲಿಲ್ಲೇನು?" ಎಂದಳು.

ಹೊಳೆದಿರಲಿಲ್ಲ. ಅವಳ ಕಣ್ಣು, ಅವಳ ಸೂಜಿ, ಎಲ್ಲ ಆ ಕಾರ್ಡಿನ ಮೇಲೆ ನಿಂತಿದ್ದವು. ನಾನು ಯೋಚಿಸಿದ್ದು ವಿಡಿಯೊದಲ್ಲಿ ನನ್ನ ಕಿಚನ್ನಿನ ಬೋರ್ಡು ಕಾಣುತ್ತದೋ ಇಲ್ಲವೋ ಎಂದು.

ಆ ದಿನದ ಆರ್ಡರಿನ ರೊಟ್ಟಿಗಳನ್ನು ಪೂರ್ತಿ ಮಾಡಿದಳು. ಹಂಚು ತೊಳೆದಿಟ್ಟಳು. ಏಪ್ರನ್ ಮಡಚಿ ಮೊಳೆಗೆ ಹಾಕಿದಳು. ಬುಧವಾರ ಬರಲಿಲ್ಲ. ವಾರದ ಕೊನೆಗೆ, ಅಕ್ಕನ ಮಗಳ ಮನೆಗೆ, ಬೋಲಿಂಗ್‌ಬ್ರೂಕ್‌ಗೆ ಹೋದಳೆಂದು ತಿಳಿಯಿತು. ಪರಾತ ಕಿಚನ್‌ನಲ್ಲೇ ಉಳಿದಿತ್ತು. ಮೇಘನಾಗೆ ಆಗುವುದಿಲ್ಲ ಎಂದು ಮೆಸೇಜ್ ಹಾಕಿದೆ. ಇಟ್ಸ್ ಓಕೆ ಅಂಕಲ್ ಎಂದು ತಿರುಗಿ ಬಂತು. ಅವರಿಗೆ ಅದು ಅಷ್ಟೇ.

ನವೆಂಬರಿನಲ್ಲಿ ಓಟು ಹಾಕಿದೆ, ನಾನು ಹಾಕಿದವರೇ ಗೆದ್ದರು. ಡಾಕ್ಟರು ಸಿಹಿ ಊಟಕ್ಕೆ ಆರ್ಡರ್ ಕೊಟ್ಟರು. ಬಿಸಿ ರೊಟ್ಟಿ ಇಲ್ಲವೇ ಎಂದು ಸುಧಾ ಮೇಡಂ ಕೇಳಿದರು. ನೀಲಕ್ಕ ಬಿಟ್ಟುಹೋದಳೆಂದೆ. "ಅವತ್ತು ಯಾಕೆ ಎಲ್ಲರೂ ನಗ್ತಿದ್ರು ಅಂತ ಆಮೇಲೆ ಗೊತ್ತಾಯ್ತು ಈರಣ್ಣ. ನೀವು ನನ್ನ ಕೈಯಲ್ಲಿ ಅವರನ್ನ ಕರೆಸಿದ ಹಾಗಾಯ್ತು," ಎಂದರು. ಹೋಳಿಗೆಯ ಟ್ರೇ ಇಟ್ಟು ಹಿಂದಿನ ಬಾಗಿಲಿನಿಂದ ಬಂದೆ.

ಡಿಸೆಂಬರಿನ ಒಂದು ಶನಿವಾರ ಪರಾತವನ್ನು ವ್ಯಾನಿನ ಮುಂದಿನ ಸೀಟಿನಲ್ಲಿಟ್ಟು, ಬೆಲ್ಟ್ ಹಾಕಿ, ಹೊರಟೆ. ಕ್ಯಾಂಟನ್‌ನಿಂದ ಬೋಲಿಂಗ್‌ಬ್ರೂಕ್‌ಗೆ ಸುಮಾರು ನಾಲ್ಕೂವರೆ ತಾಸಿನ ದಾರಿ. ದಾರಿಯುದ್ದಕ್ಕೂ ಹೇಳಿಕೊಳ್ಳಲು ಒಂದೇ ಮಾತಿತ್ತು, ಅದೂ ಸರಿಯಾಗಿ ಕೂಡಿಬರಲಿಲ್ಲ.

ನೀಲಕ್ಕ ಬಾಗಿಲು ತೆಗೆದಳು. ಮೈಮೇಲೆ ಗೋದಾಮಿನ ಹಳದಿ ಜಾಕೆಟ್ಟು. ಚಹಾ ಮಾಡಿದಳು. ವಾರಕ್ಕೆ ಐದು ದಿನ ಪ್ಯಾಕಿಂಗ್ ಕೆಲಸ, ಕಂಪನಿಯದೇ ವಿಮೆ, ಸೂಜಿ ಅದರಲ್ಲೇ ಬರುತ್ತದೆ. ಸರ್ಕಾರದ ಕಾರ್ಡು ಬಿಟ್ಟಾಯಿತು.

"ನೋಡು, ಈಗ ನಿನ್ನ ಟ್ಯಾಕ್ಸಿನಾಗ ನಂದೇನೂ ಇಲ್ಲ," ಎಂದಳು. ಚುಚ್ಚಿ ಹೇಳಿದಂತೆ ಇರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಜನ ಹೆಚ್ಚು ದುಡಿಯಬೇಕು, ಸರ್ಕಾರದ ಮೇಲೆ ಭಾರವಾಗಬಾರದು ಎಂಬುದೇ ಮೈಕಿನಲ್ಲಿ ನಾನಾಡಿದ ಮಾತಿನ ಅರ್ಥ. ಅವಳು ಹಾಗೆಯೇ ಮಾಡಿದ್ದಳು. ಅದಕ್ಕೆ ಅವಳಿಗೆ ಬೇಕಾಗಿದ್ದದ್ದು ಒಂದು ವಿಮೆ, ಅದನ್ನು ಕೊಡುವವನು ನಾನಾಗಿರಲಿಲ್ಲ.

"ತಪ್ಪಾತ್ರಿ ಅಕ್ಕಾರ. ತಿರುಗಿ ಬರ್ರಿ. ವಿಮಾ ನಾನೂ ಮಾಡಸ್ತೇನಿ."

"ಸಿಟ್ಟೇನಿಲ್ಲಪ್ಪಾ. ಆದ್ರ ನಿನ್ನ ಗಿರಾಕಿ ಯಾರು? ಅವತ್ತ ನಕ್ಕ ಮಂದೀನ ಅಲ್ಲೇನು? ಮತ್ತ ಅವರ ಗ್ಯಾರೇಜಿನಾಗ ಹೆಂಗ ಕೂಡ್ಲಿ? ಬೇಕಾದ್ರ ನೀ ಕೂತು ನೋಡು."

ಪರಾತವನ್ನು ಮಾತ್ರ ಎರಡೂ ಕೈಯಲ್ಲಿ ಇಸಿದುಕೊಂಡು, ಅಂಚನ್ನು ಬೆರಳಿನಿಂದ ತಡವಿ ನೋಡಿ, ಒಳಗೆ ಹೋಗಿ ಇಟ್ಟು ಬಂದಳು.

ಹನ್ನೆರಡು ವರ್ಷದ ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಕೇಟರಿಂಗಿನವನು ಜನರ ಮನೆಯೊಳಗಿನದನ್ನೆಲ್ಲ ನೋಡುತ್ತಾನೆ, ಅವನ ಒಲೆಯ ಮುಂದೆ ಕೂತವರೂ ತಮ್ಮ ಕಷ್ಟ ಅವನಿಗೆ ಹೇಳುತ್ತಾರೆ. ತೆರಿಗೆಯ ಬಗ್ಗೆ ನನ್ನ ಅಭಿಪ್ರಾಯವನ್ನು ನಾನು ನನ್ನ ಬದುಕಿನಿಂದಲೇ ಹೇಳಬಹುದಿತ್ತು. ಕೇಳುವವರಿಗೆ ಅದು ರುಚಿಸದಿದ್ದರೆ ಮೈಕು ಕೆಳಗಿಟ್ಟು ಬಡಿಸಲು ಹೋಗಬಹುದಿತ್ತು. ಈಗ ಊಟದ ಕೊನೆಯಲ್ಲಿ ಅಡುಗೆಯವರನ್ನು ಕರೆದರೆ ನಾನೊಬ್ಬನೇ ಹೊರಗೆ ಹೋಗುತ್ತೇನೆ. ಚಪ್ಪಾಳೆ ಬೀಳುತ್ತದೆ. ಕೈ ಮುಗಿಯಲು ನನಗೆ ಇನ್ನೂ ಆಗಿಲ್ಲ.

ಸದ್ಯ ನನ್ನ ಹತ್ತಿರ ಇರುವುದು ಎರಡು ವ್ಯಾನು, ನಾಲ್ಕು ಹಂಚು, ವಿಮೆ ಮಾಡಿಸಿದ ಮೂವರು ಕೆಲಸದವರು, ಒಮ್ಮೆ ಮಾತ್ರ ಹಾಕಿಕೊಂಡ ಒಂದು ಕೋಟು, ಮತ್ತು ರೊಟ್ಟಿ ಒತ್ತುವ ಒಂದು ಮಷೀನು.