ತೊಳೆಯಬಾರದ ಸ್ಪಂಜು

ಹೋಟೆಲಿನ ಕೋಣೆಗಳನ್ನು ಗುಡಿಸಿ ಒರೆಸಿ ಕೂಡಿಟ್ಟಿದ್ದ ದುಡ್ಡನ್ನೆಲ್ಲ ಅವಳು ಬಕೆಟ್ಟು, ಪೈಪು, ಬಲೆ, ನೀರಿಗೆ ಹಾಕುವ ಔಷಧಿ, ಒಂದು ಹಳೇ ಸ್ಕೂಟರ್ ಅಂತ ಸುರಿದುಬಿಟ್ಟಿದ್ದಳು. ಮೀನಿನ ತೊಟ್ಟಿಗಳನ್ನು ಶುಚಿ ಮಾಡಿಕೊಡುವ ಸ್ವಂತ ಕೆಲಸ. ಸಿಕ್ಕಿದ್ದು ಒಬ್ಬರೇ ಗಿರಾಕಿ, ಹಲ್ಲಿನ ಡಾಕ್ಟರು. ಅವರೂ ಕೈಬಿಟ್ಟರೆ ಮತ್ತೆ ಹೋಟೆಲಿನ ಮೇಲ್ವಿಚಾರಕನ ಮುಂದೆ ಹಲ್ಲು ಗಿಂಜಬೇಕು.

ಅತ್ತೆಯಂತೂ ಮೊದಲ ದಿನವೇ ಮೂಗು ಮುರಿದಿದ್ದರು. “ಇಪ್ಪತ್ನಾಕು ಗಂಟೆ ನೀರಲ್ಲೇ ಇರೋದಕ್ಕೆ ಸ್ನಾನ ಮಾಡಿಸೋಕೆ ಹೋಗ್ತಾಳಂತೆ.”

ಹೀಗೆನ್ನುವ ಅತ್ತೆಯ ಕೋಣೆಯಲ್ಲೇ ಒಂದು ತೊಟ್ಟಿ ಇತ್ತು. ಹಿಂಬದಿಯ ಗಾಜಿಗೆ ಪಾಚಿ, ಫಿಲ್ಟರಿನ ಸ್ಪಂಜಿಗೆ ಕಂದು ಲೋಳೆ. ಮಾವ ಹೋದ ಮೇಲೆ ಅತ್ತೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅದರೊಳಗಿನ ಮೀನುಗಳ ಜೊತೆ ಮಾತ್ರ. ಅದಕ್ಕೆ ಸೊಸೆ ಕೈ ಹಾಕುವಂತಿರಲಿಲ್ಲ. ಅವಳಿಗೋ ಆ ಗಲೀಜು ಕಂಡರೆ ಮೈಯೆಲ್ಲ ತುರಿಸುತ್ತಿತ್ತು.

ಶನಿವಾರ ಕ್ಲಿನಿಕ್ಕಿನಲ್ಲಿ ಆ ತುರಿಕೆಯನ್ನೆಲ್ಲ ತೀರಿಸಿಕೊಂಡಳು. ಹೋಟೆಲಿನ ಕೈ ಅಲ್ಲವೇ, ಒಂದು ಕಲೆ ಉಳಿದರೂ ಸಮಾಧಾನವಿಲ್ಲ. ಕಲ್ಲುಗಳನ್ನು ಒಂದೊಂದಾಗಿ ಉಜ್ಜಿದಳು. ಸ್ಪಂಜನ್ನು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು, ಹೊಸದರ ಹಾಗೆ ಬೆಳ್ಳಗಾಗುವವರೆಗೆ ಹಿಂಡಿದಳು. ಡಾಕ್ಟರು ಮೆಚ್ಚಿ ತಲೆದೂಗಿದರು. ಅವಳ ಕಾಲು ನೆಲದ ಮೇಲಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವರದೇ ಫೋನು. “ಏನಮ್ಮಾ, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ಒಂದು ಆಗ್ಲೇ ಸತ್ತಿದೆ.”

ಅವಳು ತಕ್ಷಣ ಮೀನಿನ ಅಂಗಡಿಯವನಿಗೆ ಫೋನು ಮಾಡಿ, ಮಾಡಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

“ಸ್ಪಂಜು ನಲ್ಲಿ ನೀರಲ್ಲಿ ತೊಳೆದ್ರಾ? ಆ ಲೋಳೇಲೇ ಕಣಕ್ಕ ಇರೋದು ಜೀವ. ಕಣ್ಣಿಗೆ ಕಾಣದ ಹುಳಗಳು, ಮೀನಿನ ಹೊಲಸನ್ನ ಕರಗಿಸೋವು. ಅವನ್ನೆಲ್ಲ ಕೊಂದು ಕೂತಿದೀರ. ಈಗ ಮೀನು ತಮ್ಮ ಹೊಲಸಿನ ವಿಷಾನೇ ಕುಡೀತಿವೆ. ಅರ್ಧ ನೀರು ಬದಲಾಯಿಸಿ, ನಲ್ಲಿ ನೀರಿನ ಕ್ಲೋರಿನ್ ತೆಗೆಯೋ ಔಷಧಿ ಮರೀಬೇಡಿ. ಚೆನ್ನಾಗಿರೋ ತೊಟ್ಟಿಯ ಹಳೇ ಸ್ಪಂಜು ಎಲ್ಲಾದ್ರೂ ಸಿಕ್ಕರೆ ಹಾಕಿ. ಇಲ್ಲದಿದ್ರೆ ಕಷ್ಟ.”

ಹಳೇ ಸ್ಪಂಜು ಇದ್ದದ್ದು ಗೋಡೆಯ ಆಚೆ ಬದಿಗೇ. ಅತ್ತೆಯ ಬಾಗಿಲಲ್ಲಿ ನಿಂತಳು. ಬೈದರೆ ಬೈಯಲಿ, ಇಲ್ಲ ಎಂದುಬಿಟ್ಟರೆ ಏನು ಗತಿ ಎಂಬುದೇ ಅವಳ ಭಯ. ಹೇಗೋ ಹೇಳಿ ಮುಗಿಸಿದಳು.

ಅತ್ತೆ ತಮ್ಮ ಮೀನುಗಳ ಕಡೆ ತಿರುಗಿದರು. “ಇದನ್ನ ಕೊಟ್ಟು ಇವಕ್ಕೂ ಹಾಗೇ ಆದ್ರೆ?”

ಅವಳ ಕಣ್ಣು ತುಂಬಿಕೊಂಡಿತು.

“ಅಳ್ತಾ ನಿಂತ್ರೆ ಆಯ್ತಾ? ಕತ್ತರಿ ತಾ.”

ಅತ್ತೆ ಸ್ಪಂಜನ್ನು ಸರಿಯಾಗಿ ಎರಡು ಮಾಡಿ, ಒಂದನ್ನು ತೊಟ್ಟಿಯ ನೀರಿನ ಸಮೇತ ಡಬ್ಬಿಗೆ ಹಾಕಿದರು. ಡಬ್ಬಿಯನ್ನು ಸೊಸೆಯ ಕೈಗೆ ಕೊಡಲಿಲ್ಲ, ತಾವೇ ಹಿಡಿದು ಸ್ಕೂಟರ್ ಹತ್ತಿದರು.

ಕ್ಲಿನಿಕ್ಕಿನಲ್ಲಿ ನೀರು ಬದಲಾಯಿಸಿ, ಆ ಕೊಳಕು ತುಂಡನ್ನು ಫಿಲ್ಟರಿಗೆ ತುರುಕಿದ್ದಾಯಿತು. ಆಮೇಲೆ ಕಾಯುವುದೊಂದೇ. ದವಡೆ ಹಿಡಿದುಕೊಂಡ ರೋಗಿಗಳ ಸಾಲಿನಲ್ಲಿ ಅತ್ತೆ ಸೊಸೆಯೂ ಕೂತರು. ಒಳಗೆ ಹಲ್ಲು ಕೊರೆಯುವ ಸದ್ದು ಏಳುತ್ತಲೇ ಇತ್ತು. ಕಿತ್ತಳೆ ಬಣ್ಣದ ದೊಡ್ಡ ಮೀನು ವಾಲಿಕೊಂಡು ತೇಲುತ್ತಿತ್ತು. ಅದು ಹೋಯಿತೆಂದರೆ ತನ್ನ ಕೆಲಸವೂ ಹೋಯಿತು, ಅತ್ತೆಯ ಅರ್ಧ ಜೀವವನ್ನು ಸುಮ್ಮನೆ ಕತ್ತರಿಸಿ ತಂದಂತಾಯಿತು. ಆ ಕಡೆ ನೋಡಲು ಧೈರ್ಯ ಸಾಲದೆ ಅವಳು ನೆಲ ನೋಡುತ್ತ ಕೂತಳು.

ಮಧ್ಯಾಹ್ನ ಕಳೆದ ಮೇಲೆ ಅತ್ತೆ ಅವಳ ತೊಡೆ ತಿವಿದರು. ದೊಡ್ಡ ಮೀನು ನೆಟ್ಟಗಾಗಿ, ಕೆಳಗಿಳಿದು ಕಲ್ಲು ಮೂಸುತ್ತಿತ್ತು.

ಡಾಕ್ಟರು ಹೊರಗೆ ಬಂದು ಗಾಜಿನ ಮುಂದೆ ಬಗ್ಗಿದರು. “ಆಗಿದ್ದೇನಮ್ಮ?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಕರೆಂಟು, ಸೆಕೆ, ಏನು ಬೇಕಾದರೂ ಹೇಳಬಹುದಿತ್ತು. “ತಪ್ಪು ನಂದೇ, ಡಾಕ್ಟ್ರೇ. ಅತಿಯಾಗಿ ತೊಳೆದುಬಿಟ್ಟೆ. ಉಳಿಸಿದ್ದು ನಮ್ಮತ್ತೆ.”

ಡಾಕ್ಟರು ಅತ್ತೆಯ ಕಡೆ ತಿರುಗಿದರು. “ಮುಂದಿನ ವಾರ ನೀವೂ ಬರ್ತೀರಾ?”

“ಬರದೆ ಏನು?” ಎಂದರು ಅತ್ತೆ. “ನನ್ನ ಅರ್ಧ ಸ್ಪಂಜು ಇಲ್ಲಿದೆ. ಇವಳನ್ನ ನಂಬಿ ಬಿಟ್ಟು ಹೋಗೋಕಾಗುತ್ತಾ?”