ಹಳ್ಳದ ತಿರುವಿನ ಬೋರ್ಡು

ನನ್ನ ಅಣ್ಣನಿಗೆ ಓದಲು ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ನನಗೆ ನಾಲ್ಕು. ಅವ್ವ ರಾಯಚೂರಿನ ಹತ್ತಿ ಮಿಲ್ಲಿಗೆ ಕೂಲಿಗೆ ಹೊರಟಳು. ಅಣ್ಣ ಪಾಟಿಚೀಲ ಮೂಲೆಗಿಟ್ಟು ಅವಳ ಹಿಂದೆ ನಡೆದ. ಮನೆಯಲ್ಲಿ ಒಬ್ಬರಾದರೂ ಓದಲಿ ಎಂದು ಇಬ್ಬರೂ ಸೇರಿ ನನ್ನನ್ನು ಓದಿಸಿದರು. ಹಾಗಾಗಿ ನಾನು ಟೀಚರಾದೆ, ಅವನು ಲಾರಿ ಡ್ರೈವರಾದ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಗಬ್ಬೂರಿನ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಹೇಳುತ್ತಿದ್ದೆ. ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುವುದು. ಅವನು ಮಾನ್ವಿಯ ಒಂದು ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದ. ಮಲ್ಲಟದ ಕಡೆಯಿಂದ ಭತ್ತ ತರುವುದು, ರಾಯಚೂರಿಗೆ ಅಕ್ಕಿ ಒಯ್ಯುವುದು, ನಡುನಡುವೆ ದೇವದುರ್ಗಕ್ಕೂ ಒಂದು ಸುತ್ತು.

ನಮ್ಮ ಕೇರಿಯಲ್ಲಿ ಸರ್ಕಾರಿ ಸಂಬಳ ತರುವ ಮೊದಲ ಹೆಣ್ಣು ನಾನು. ಅಣ್ಣ ಅದನ್ನು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದ. ಟಯರಿಗೆ ಗಾಳಿ ಹಾಕುವವನಿಗೂ ಹೇಳುತ್ತಿದ್ದ.

ಒಂದು ಭಾನುವಾರ ಅವನ ಲಾರಿಯಲ್ಲಿ ಕುಳಿತು ಮಾನ್ವಿಗೆ ಹೊರಟಿದ್ದೆ. ದಾರಿಯಲ್ಲಿ ಒಂದು ಕಲ್ಲು ತೋರಿಸಿ, "ಮಾನ್ವಿ ಇನ್ನ ಹತ್ತು ಕಿಲೋಮೀಟರ್ ನೋಡವ್ವ" ಅಂದ.

"ಓದಿದೇನಣ್ಣಾ?"

"ಎಲ್ಲಿ ಓದ್ಲಿ? ಆ ಕಲ್ಲಿನ ಮೂಲಿ ಒಡದಾದ, ಅದರ ಮ್ಯಾಲೆ ಗೊತ್ತು. ಊರ ಬೋರ್ಡಂತೂ ಬಿಡು. ಮೂರು ಭಾಷಾದಾಗ ಬರದಿರ್ತಾರ, ಒಂದರಾಗನೂ ನನಗ ತಿಳಿವಲ್ದು."

ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ದಿನಾ ನಲವತ್ತು ಮಕ್ಕಳಿಗೆ ಅಕ್ಷರ ಕಲಿಸುವ ನಾನು ನನ್ನನ್ನು ಓದಿಸಿದವನಿಗೆ ಒಂದು ಅಕ್ಷರ ಹೇಳಿಕೊಟ್ಟಿರಲಿಲ್ಲ.

ಆ ವರ್ಷವೇ ರಾಯಚೂರಿನಲ್ಲಿ ನಮಗೆ ಗೊತ್ತಿದ್ದ ಫೋಟೋದವರೊಬ್ಬರು ಸ್ಟುಡಿಯೋ ಮುಚ್ಚಿ ಮಗಳ ಊರಿಗೆ ಹೊರಟಿದ್ದರು. ಅವರಿಂದ ಒಂದು ಹಳೆಯ ಕ್ಯಾಮೆರಾ ಕೊಂಡೆ. ಒಂದು ರೋಲಿಗೆ ಹನ್ನೆರಡು ಚಿತ್ರ. ಮೊದಲ ರೋಲಿನಲ್ಲಿ ಅವ್ವನದು ಎರಡು, ಅಣ್ಣನ ಲಾರಿಯದು ಒಂದು. ಉಳಿದದ್ದೆಲ್ಲ ರಸ್ತೆಯ ಬೋರ್ಡುಗಳು. ಬಾಲಶಿಕ್ಷೆಯ ಪುಸ್ತಕ ಕೊಟ್ಟರೆ ಅಣ್ಣ ನಾಚಿಕೊಳ್ಳುತ್ತಿದ್ದ. ಆದರೆ ದಿನಾ ಕಣ್ಣೆದುರು ದಾಟಿ ಹೋಗುವ ಮಾನ್ವಿಯ ಕಲ್ಲು, ದೇವದುರ್ಗದ ಬಾಣದ ಗುರುತು ಕೈಗೆ ಬಂದಾಗ ತಿರುಗಿಸಿ ತಿರುಗಿಸಿ ನೋಡಿದ. ಆ ಚಿತ್ರಗಳನ್ನು ಒಂದು ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದುಕೊಟ್ಟೆ. ಮಾನ್ವಿಯ 'ಮ', ಮಲ್ಲಟದ 'ಮ' ಒಂದೇ ಎಂದು ತಾನೇ ಕಂಡುಹಿಡಿದ ದಿನ ಅವ್ವನನ್ನು ಕರೆದು ತೋರಿಸಿದ. ಅವ್ವನಿಗೂ ಓದಲು ಬರುತ್ತಿರಲಿಲ್ಲ. ಹೌದಪ್ಪ ಹೌದು ಎಂದು ತಲೆಯಾಡಿಸಿದಳು.

ಅವನಿಗಾಗಿ ಶುರುಮಾಡಿದ್ದು ನಿಧಾನಕ್ಕೆ ನನ್ನ ಗೀಳಾಯಿತು. ಬಸ್ಸಿನ ಕಿಟಕಿಯಿಂದ ಬೋರ್ಡುಗಳನ್ನೇ ನೋಡುತ್ತಿದ್ದೆ. ಆಗಿನ ಎಚ್ಚರಿಕೆಯ ಬೋರ್ಡುಗಳಿಗೆ ಮೇಲೊಂದು ಕೆಂಪು ತ್ರಿಕೋನ, ಅದರ ಕೆಳಗೆ ಬಿಳಿ ತಗಡಿನ ಮೇಲೆ ಕಪ್ಪು ಚಿತ್ರ ಇರುತ್ತಿತ್ತು. ಶಾಲೆಗೆ ಓಡುವ ಮಕ್ಕಳು, ಕಿರಿದಾಗುವ ಸೇತುವೆ, ಹಾವಿನಂತೆ ತಿರುಗುವ ರಸ್ತೆ. ಎಲ್ಲೋ ಒಂದೊಂದು ಕಡೆ ನಿಜಾಮರ ಕಾಲದ ಕಲ್ಲುಗಳಲ್ಲಿ ಉರ್ದು ಅಂಕಿಗಳು ಇನ್ನೂ ಉಳಿದಿದ್ದವು. ಸೀರೆ ಉಟ್ಟ ಹೆಂಗಸು ಮುಳ್ಳುಕಂಟಿಯ ನಡುವೆ ನಿಂತು ಕಲ್ಲಿನ ಫೋಟೋ ತೆಗೆಯುವುದನ್ನು ಕಂಡವರು ನಗುತ್ತಿದ್ದರು. ಸಂಬಳದಲ್ಲಿ ಸ್ವಲ್ಪ ಇದಕ್ಕೇ ಹೋಗುತ್ತಿತ್ತು. ಅವ್ವ ಗೊಣಗಿದರೆ ಅಣ್ಣ ಅವಳನ್ನು ಸುಮ್ಮನಾಗಿಸುತ್ತಿದ್ದ.

ಊರಿನ ಇನ್ನೊಂದು ಸ್ಟುಡಿಯೋದಲ್ಲಿ ಪ್ರತಿ ಚಿತ್ರಕ್ಕೂ ಎರಡು ಪ್ರತಿ ಹಾಕಿಸುತ್ತಿದ್ದೆ. ಒಂದು ನೋಟ್‌ಬುಕ್ಕಿಗೆ, ಇನ್ನೊಂದು ಅಣ್ಣನ ಗೆಳೆಯರಿಗೆ. ಮಾನ್ವಿ ರಸ್ತೆ, ದೇವದುರ್ಗ ರಸ್ತೆ ಒಡೆಯುವಲ್ಲಿ ಒಂದು ಚಹಾದಂಗಡಿ ಇತ್ತು. ಲಾರಿಯವರೆಲ್ಲ ಅಲ್ಲಿ ನಿಲ್ಲುತ್ತಿದ್ದರು. ಅಣ್ಣ ಅಲ್ಲಿ ಚಿತ್ರಗಳನ್ನು ಹರಡಿದರೆ, "ಇದೆಲ್ಲೀದು ಹೇಳ್ರಿ ನೋಡೋಣ" ಎಂಬ ಪಂದ್ಯ ಶುರುವಾಗುತ್ತಿತ್ತು. ಅಂಗಡಿಯವನು ಕೆಲವನ್ನು ಗೋಡೆಗೆ ಮೊಳೆ ಹೊಡೆದು ಹಾಕಿಕೊಂಡ. "ಟೀಚರ್ಗ ಹೇಳು, ಲಿಂಗಸುಗೂರ ದಾರ್ಯಾಗ ಹೊಸಾ ಬೋರ್ಡ್ ನೆಟ್ಟಾರ" ಎಂದು ನಾನು ಮುಖ ನೋಡದ ಡ್ರೈವರುಗಳು ಸುದ್ದಿ ಕಳಿಸುತ್ತಿದ್ದರು. ನನ್ನ ಬದುಕಿನಲ್ಲಿ ಅಷ್ಟು ಜನ ನನ್ನಿಂದ ಏನನ್ನಾದರೂ ಕಾಯ್ದದ್ದು ಆ ಎರಡು ಮೂರು ವರ್ಷ ಮಾತ್ರ.

ಗಬ್ಬೂರು ದಾಟಿ ದೇವದುರ್ಗದ ಕಡೆ ಹೋದರೆ ಒಂದು ಹಳ್ಳ ಇತ್ತು. ರಸ್ತೆ ನೇರ ಹೋದಂತೆ ಕಂಡು, ಜಾಲಿಗಿಡಗಳ ಹಿಂದೆ ಒಮ್ಮೆಲೇ ಎಡಕ್ಕೆ ಹೊರಳಿ ಗಿಡ್ಡ ಸೇತುವೆಗೆ ಇಳಿಯುತ್ತಿತ್ತು. ಅಲ್ಲಿನ ತಿರುವಿನ ಬೋರ್ಡು ಬಿದ್ದಿದೆ ಎಂದು ಅಣ್ಣನೇ ಹೇಳಿದ್ದು. ಮುಂಗಾರು ಶುರುವಾಗುವ ಮೊದಲು ಒಂದು ಭಾನುವಾರ ಅವನ ಲಾರಿಯಲ್ಲೇ ಹೋದೆವು. ಬೋರ್ಡು ತಗ್ಗಿನಲ್ಲಿ ಬೋರಲಾಗಿ ಬಿದ್ದಿತ್ತು. ಯಾವುದೋ ಹೇರಿನ ಬಂಡಿ ತಾಗಿರಬೇಕು, ಕಬ್ಬಿಣದ ಕಂಬ ಬುಡದಲ್ಲೇ ಬಾಗಿ ಮುರಿದಿತ್ತು.

"ಮುಖ ಕಾಣವಲ್ದಣ್ಣಾ, ಎತ್ತಿ ಹಿಡಿ" ಅಂದೆ. ಅವನು ಅದನ್ನು ಎತ್ತಿ ಪಕ್ಕಕ್ಕೆ ನಿಲ್ಲಿಸಿಕೊಂಡು, ಗೆಳೆಯನ ಹೆಗಲ ಮೇಲೆ ಕೈ ಹಾಕಿದ ಹಾಗೆ ಅದರ ಮೇಲೆ ಕೈ ಹಾಕಿ ನಿಂತ. ಇಬ್ಬರೂ ನಕ್ಕೆವು. ಚಿತ್ರ ತೆಗೆದೆ. ಬೋರ್ಡನ್ನು ಮತ್ತೆ ಅಲ್ಲೇ ಮಲಗಿಸಿ ಬರುವಾಗ ಅವನು ಹಿಂತಿರುಗಿ ನೋಡಿದ.

"ನಮಗೇನೋ ದಾರಿ ಗೊತ್ತದ. ಹೊಸಬರು ಬಂದ್ರ ಸೀದಾ ಹಳ್ಳಕ್ಕ ಹೋಗ್ತಾರವ್ವ. ನೀ ಒಂದು ಕಾಗದ ಬರಿ, ರಸ್ತೆ ಆಫೀಸಿಗೆ. ನನಗ ಬರಿಯಾಕ ಬಂದಿದ್ರ ನಾನ ಬರೀತಿದ್ದೆ."

"ನಾಳೆ ಬರೀತೀನಣ್ಣಾ."

ನಾಳೆ ಬರೆಯಲಿಲ್ಲ. ಶಾಲೆ ಆಗಷ್ಟೇ ತೆರೆದಿತ್ತು. ಹೊಸ ಮಕ್ಕಳ ದಾಖಲಾತಿ, ಹಾಜರಿ ಪುಸ್ತಕ. ಒಂದು ಸಲ ಕಾಗದ ತೆಗೆದುಕೊಂಡು ಕುಳಿತೆ. ಸಾಹೇಬರಿಗೆ ಹೇಗೆ ಶುರುಮಾಡಬೇಕು ಎಂದು ಯೋಚಿಸುತ್ತಿರುವಾಗ ಯಾರೋ ಕರೆದರು, ಎದ್ದು ಹೋದೆ. ಆಮೇಲೆ ಮರೆತೆ. ಆದರೆ ಆ ರೋಲನ್ನು ಸ್ಟುಡಿಯೋಕ್ಕೆ ಕೊಟ್ಟು ಚಿತ್ರ ತರುವುದನ್ನು ಮರೆಯಲಿಲ್ಲ. ಅಣ್ಣ ಬೋರ್ಡನ್ನು ತಬ್ಬಿ ನಿಂತ ಚಿತ್ರ ಚಹಾದಂಗಡಿಯ ಗೋಡೆ ಏರಿತು. ಎಲ್ಲರೂ ನಕ್ಕರಂತೆ.

ಮೂರು ವಾರದ ಮೇಲೆ, ರಾತ್ರಿಯೆಲ್ಲ ಮಳೆ ಸುರಿದ ಒಂದು ಮುಂಜಾನೆ, ನಾಟಿ ಕೆಲಸಕ್ಕೆ ಹೆಂಗಸರನ್ನು ಕರೆದೊಯ್ಯುತ್ತಿದ್ದ ಟೆಂಪೊ ಆ ತಿರುವಿನಲ್ಲಿ ನೇರ ಹೋಗಿ ಹಳ್ಳಕ್ಕೆ ಬಿತ್ತು. ಡ್ರೈವರು ಆ ದಾರಿಗೆ ಹೊಸಬ. ಇಬ್ಬರು ಹೆಂಗಸರು ಸತ್ತರು. ಸುದ್ದಿ ಬಂದಾಗ ನಾನು ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಸತ್ತವರಲ್ಲಿ ಒಬ್ಬಳು ನನ್ನ ತರಗತಿಯ ಹುಡುಗಿಯ ತಾಯಿ. ಎರಡನೇ ಸಾಲಿನಲ್ಲಿ ಕೂರುವ ಹುಡುಗಿ. ಅವಳ ತಾಯಿ ದಿನಾ ಎಣ್ಣೆ ಹಚ್ಚಿ ಎಷ್ಟು ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳೆಂದರೆ ಮಗುವಿನ ಹುಬ್ಬು ಮೇಲಕ್ಕೆ ಎಳೆದಂತೆ ಕಾಣುತ್ತಿತ್ತು. ಅವಳ ಚಿಕ್ಕಪ್ಪ ಬಾಗಿಲಲ್ಲಿ ನಿಂತು, "ಟೀಚರ್ರೀ, ಸ್ವಲ್ಪ ಕಳಸ್ರಿ ಇಕೀನ್ನ" ಅಂದ. ಮಗು ಪಾಟಿಚೀಲ ಹೆಗಲಿಗೇರಿಸಿಕೊಂಡು, ಬೇಗ ಬಿಟ್ಟರೆಂಬ ಖುಷಿಯಲ್ಲಿ ಹೋಯಿತು.

ಬೋರ್ಡು ಇದ್ದಿದ್ದರೆ ಆ ಮಳೆಯಲ್ಲಿ, ಆ ವೇಗದಲ್ಲಿ ಆ ಡ್ರೈವರು ನೋಡುತ್ತಿದ್ದನೋ ಇಲ್ಲವೋ. ನಾನು ಕಾಗದ ಬರೆದಿದ್ದರೆ ಆಫೀಸಿನವರು ಅಷ್ಟರಲ್ಲಿ ನೆಡಿಸುತ್ತಿದ್ದರೋ ಇಲ್ಲವೋ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಅಂದು ಸಂಜೆ ಅಣ್ಣ ನೇರ ಮನೆಗೆ ಬಂದ. ಕೈಕಾಲು ಕೂಡ ತೊಳೆಯಲಿಲ್ಲ.

"ತಂಗ್ಯವ್ವಾ, ಆ ಕಾಗದ ಬರದಿದ್ದೆಲ್ಲ?"

ಅವ್ವ ಅಲ್ಲೇ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನಾನು ಒಲೆಯ ಕಡೆ ಮುಖ ಮಾಡಿ, "ಬರದಿದ್ದೆ" ಅಂದೆ.

"ಯಾವಾಗ?"

"ಮರುದಿನಾನ. ಟಪಾಲಿಗೆ ಹಾಕಿದ್ದೆ."

"ಹಂಗಾರ ಅವರಿಗೆ ಗೊತ್ತಿತ್ತು" ಅಂದ ಅಣ್ಣ. ಅವನ ಮುಖ ಕೆಂಪಾಯಿತು. "ಗೊತ್ತಿದ್ದೂ ಸುಮ್ನ ಕುಂತಾರ. ಬಡವರ ಹೆಣ್ಮಕ್ಕಳು ಸತ್ರ ಯಾರು ಕೇಳ್ತಾರ ಅಂತ."

ಮರುದಿನ ಹನ್ನೊಂದರ ಸುಮಾರಿಗೆ ಅವನ ಲಾರಿ ಶಾಲೆಯ ಮುಂದೆ ನಿಂತಿತು. ಒಳಗೆ ಐದಾರು ಜನ ಡ್ರೈವರುಗಳು. ಗೋಡೆಯ ಮೇಲಿದ್ದ ಆ ಚಿತ್ರ ಅಣ್ಣನ ಅಂಗಿಯ ಕಿಸೆಯಲ್ಲಿತ್ತು.

"ಆಫೀಸಿಗೆ ಹೊಂಟೀವಿ. ನೀನೂ ಬಾ. ಕಾಗದ ಬರದಿದ್ದೆ ಅಂತ ನಿನ್ನ ಬಾಯಾಗ ಹೇಳಿದ್ರ ಸಾಕು."

ಆಗಲಾದರೂ ಹೇಳಬಹುದಿತ್ತು. ಅಲ್ಲಿ ಹೊರಗಿನವರು ಇದ್ದರು, ಹೆಡ್ ಮಾಸ್ತರರು ಕಿಟಕಿಯಿಂದ ನೋಡುತ್ತಿದ್ದರು. "ಕ್ಲಾಸ್ ಅದಣ್ಣಾ, ಬಿಟ್ಟು ಬರಾಕ ಆಗಂಗಿಲ್ಲ" ಅಂದೆ.

"ಇರ್ಲಿ ಬಿಡು, ನಾ ಹೇಳ್ತೀನಿ" ಎಂದು ಲಾರಿ ಹತ್ತಿದ.

ಅಲ್ಲಿ ನಡೆದದ್ದನ್ನು ಅವನ ಜೊತೆ ಹೋಗಿದ್ದ ಹಿರಿಯ ಡ್ರೈವರೊಬ್ಬರು ಸಂಜೆ ಮನೆಗೆ ಬಂದು ಹೇಳಿದರು. ಆಫೀಸಿನ ಸಾಹೇಬರು ಮೊದಲು ಚಿತ್ರ ನೋಡಿ ಮೆತ್ತಗಾಗಿದ್ದರಂತೆ. ಕಾಗದದ ಮಾತು ಬಂದಾಗ ಗುಮಾಸ್ತನನ್ನು ಕರೆದು ಬಂದ ಪತ್ರಗಳ ರಿಜಿಸ್ಟರು ತರಿಸಿದರು. ಎರಡು ತಿಂಗಳ ಹಾಳೆಗಳನ್ನು ಎಲ್ಲರ ಮುಂದೆ ತಿರುವಿ ಹಾಕಿದರು. ಅಂಥ ಕಾಗದ ಇರಲಿಲ್ಲ.

"ಅಷ್ಟಕ್ಕ ಎದ್ದು ಬಂದಿದ್ರ ಆಗ್ತಿತ್ತವ್ವ" ಅಂದರು ಆ ಹಿರಿಯರು. "ಗುಮಾಸ್ತ, 'ನಿನ್ನ ತಂಗಿ ಸುಳ್ಳ ಹೇಳ್ಯಾಳ' ಅಂದ. ಇಂವ, 'ನನ್ನ ತಂಗಿ ಟೀಚರ, ಆಕಿ ಸುಳ್ಳ ಹೇಳಂಗಿಲ್ಲ, ನೀವು ಕಾಗದ ಹರದ ಹಾಕೀರಿ' ಅಂತ ರಿಜಿಸ್ಟರ್ ಕಸಗೊಂಡ. ಹಾಳಿ ಹರೀತು. ಪೊಲೀಸ್ರನ್ನ ಕರಸಿದ್ರು."

ಮಾನ್ವಿಯ ಗಿರಣಿ ಮಾಲೀಕರು ಠಾಣೆಗೆ ಬಂದು ಹೇಳಿಕೇಳಿ ಮರುದಿನ ಬಿಡಿಸಿದರು. ಹಣೆ ತುಂಬ ವಿಭೂತಿ ಹಚ್ಚುವ, ಜೋರಾಗಿ ಮಾತಾಡದ ಮನುಷ್ಯ. "ಸರ್ಕಾರಿ ಆಫೀಸಿನ ಸಂಗಾಟ ಜಗಳ ನನಗ ನಡ್ಯಂಗಿಲ್ಲಪ್ಪ" ಎಂದು ಮೆತ್ತಗೆ ಹೇಳಿ ಲಾರಿಯ ಕೀಲಿಕೈ ತೆಗೆದುಕೊಂಡರು. ಬಿಡಿಸಿದ ಉಪಕಾರಕ್ಕೆ ಅಣ್ಣ ಎದುರಾಡಲಿಲ್ಲ. ಫೋಟೋ ಆಫೀಸಿನಲ್ಲೇ ಉಳಿಯಿತು. ಅದರ ಮೇಲೆ ತಾರೀಖು ಇರಲಿಲ್ಲವಾದ್ದರಿಂದ ಬೋರ್ಡು ಮೊದಲೇ ಬಿದ್ದಿತ್ತೆಂದು ತೋರಿಸಲು ಉಪಯೋಗಕ್ಕೆ ಬರಲಿಲ್ಲ. ಎಂಟು ದಿನದಲ್ಲಿ ಹಳ್ಳದ ತಿರುವಿಗೆ ಹೊಸ ಬೋರ್ಡು ಬಂತು.

ಠಾಣೆಯಿಂದ ಬಂದ ದಿನ ಅವನು ಜಳಕ ಮಾಡಿ ಉಣ್ಣಲು ಕುಳಿತಾಗ ಹೇಳಿದೆ. "ಅಣ್ಣಾ, ನಾ ಕಾಗದ ಬರದಿದ್ದಿಲ್ಲ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಅವನು ನನ್ನ ಕಡೆ ನೋಡಲೇ ಇಲ್ಲ.

"ಮರ್ತೀನಿ ಅಂದಿದ್ರ ಆಗ್ತಿತ್ತಲ್ಲ ಬೇ" ಅಂದ. "ಮನಷ್ಯಾರು ಮರೀತಾರ."

ಊಟ ಮುಗಿಸಿದ. ತಟ್ಟೆಯಲ್ಲೇ ಕೈ ತೊಳೆದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗುಮಾಸ್ತನ ಮಾತು, ರಿಜಿಸ್ಟರು ಏನೂ ಅರ್ಥವಾಗಿರಲಿಲ್ಲ. ಮಕ್ಕಳ ನಡುವೆ ಏನೋ ಮುರಿಯಿತೆಂದು ಮಾತ್ರ ಗೊತ್ತಾಗಿತ್ತು.

ತಪ್ಪಾಯಿತೆಂದು ಚಹಾದಂಗಡಿಗೆ ಹೋಗಿ ಡ್ರೈವರುಗಳ ಮುಂದೆ ಹೇಳಿ ಬಂದವನು ಅವನೇ. "ನನ್ನ ತಂಗಿ ಬರೀಲಿಲ್ಲ, ನಾನು ತಪ್ಪು ತಿಳಕೊಂಡಿದ್ದೆ" ಅಂದನಂತೆ. ಸುಳ್ಳು ಹೇಳಿದಳು ಎಂದು ಹೇಳಲಿಲ್ಲ. ಅಂಗಡಿಯವನು ಉಳಿದ ಚಿತ್ರಗಳನ್ನು ಒಂದು ಹಳೆಯ ಪೇಪರಿನಲ್ಲಿ ಸುತ್ತಿ ಅವನ ಕೈಲೇ ಕಳಿಸಿದ. ನಾನು ಕ್ಯಾಮೆರಾವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಒಳಗಿದ್ದ ರೋಲಿನಲ್ಲಿ ಏನಿತ್ತೋ ಇಂದಿಗೂ ಗೊತ್ತಿಲ್ಲ.

ಆ ಹುಡುಗಿ ಹದಿನೈದು ದಿನದ ಮೇಲೆ ಶಾಲೆಗೆ ಬಂದಳು. ತಲೆ ಕೆದರಿತ್ತು. ಬಿಡುವಿನಲ್ಲಿ ಕರೆದು ಜಡೆ ಹಾಕಲು ಹೋದೆ. ಎರಡು ದಿನ ಸುಮ್ಮನೆ ಕುಳಿತಳು. ಮೂರನೆಯ ದಿನ, "ನಮ್ಮವ್ವನಂಗ ಬಿಗಿ ಬರವಲ್ದು ಟೀಚರ, ಬ್ಯಾಡ ಬಿಡ್ರಿ" ಅಂದಳು. ಆ ವರ್ಷದ ಕೊನೆಗೆ ಅವಳ ಅಜ್ಜಿ ಅವಳನ್ನು ಮಲ್ಲಟಕ್ಕೆ ಕರೆದುಕೊಂಡು ಹೋದಳು. ಹೇಳಬೇಕಾದದ್ದನ್ನು ಅವಳ ಮನೆಯವರಿಗೆ ನಾನು ಹೇಳಲಿಲ್ಲ.

ಆಗ ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರದ ಕೆಲಸ ನಡೆದಿತ್ತು. ಅಣ್ಣ ಒಬ್ಬ ಗುತ್ತಿಗೆದಾರನ ಕೈಕೆಳಗೆ ಅಲ್ಲಿಗೆ ಸೇರಿಕೊಂಡ. ಮೊದಮೊದಲು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ, ಆಮೇಲೆ ಹಬ್ಬಕ್ಕೆ. ಅಲ್ಲೇ ಮದುವೆಯಾಗಿ ಅಲ್ಲೇ ಮನೆ ಮಾಡಿದ. ಅವ್ವ ತೀರಿಕೊಂಡಾಗ ಮಣ್ಣಿಗೆ ಬಂದು ಎಲ್ಲ ಕೆಲಸವನ್ನೂ ಅವನೇ ಮುಂದೆ ನಿಂತು ಮಾಡಿದ. ನನ್ನೊಂದಿಗೆ ಎಷ್ಟು ಬೇಕೋ ಅಷ್ಟು ಮಾತು.

ಎಂಬತ್ತರ ದಶಕದ ನಡುವೆ ಒಮ್ಮೆ ನಾನೇ ಶಕ್ತಿನಗರಕ್ಕೆ ಹೋದೆ. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಅಣ್ಣ, "ಬರ್ರಿ, ಒಳಗ ಬರ್ರಿ" ಅಂದ. ಹುಟ್ಟಿದಾಗಿನಿಂದ ನನಗೆ 'ಬಾ ಬೇ' ಅಂದವನು. ಅತ್ತಿಗೆ ಚಹಾ ಕೊಟ್ಟಳು. ಅಣ್ಣ ಮಗಳಿಂದ ನನ್ನ ಕಾಲಿಗೆ ನಮಸ್ಕಾರ ಮಾಡಿಸಿದ. ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಸಂಜೆ ನನ್ನನ್ನು ಕಳಿಸಲು ಬಸ್ಸಿನ ತನಕ ಬಂದ. ಚಿಮಣಿಯ ಬೂದಿ ಗಾಳಿಯಲ್ಲಿ ಬಂದು ಇಬ್ಬರ ಬಟ್ಟೆಯ ಮೇಲೂ ಕೂರುತ್ತಿತ್ತು.

"ಇನ್ನೂ ಸಿಟ್ಟದ ಏನಣ್ಣಾ ನನ್ನ ಮ್ಯಾಲೆ?" ಎಂದು ಕೇಳಿದೆ.

ತೋಳಿನ ಮೇಲಿನ ಬೂದಿ ಕೊಡವಿಕೊಂಡ. "ಸಿಟ್ಟು ಆವತ್ತೂ ಇದ್ದಿದ್ದಿಲ್ಲ" ಅಂದ. "ಆದ್ರ ಈಗ ನೀವು ಏನರ ಹೇಳಿದ್ರ, ಖರೇ ಇರಬಹುದೋ ಇಲ್ಲೋ ಅಂತ ಒಂದು ಕ್ಷಣ ನೋಡ್ತೀನಿ. ಅದನ್ನ ತಗದ ಹಾಕಾಕ ನನಗ ಬರವಲ್ದು. ಬೇಕಂತ ಮಾಡಾಕತ್ತಿಲ್ಲ."

ಬಸ್ಸು ಬಂತು. ಅವನೇ ನುಗ್ಗಿ ಸೀಟು ಹಿಡಿದುಕೊಟ್ಟು, ಚೀಲ ಮೇಲಿಟ್ಟು ಇಳಿದ. ಕಿಟಕಿಯ ಪಕ್ಕ ಕುಳಿತು ಸೆರಗು ಸರಿಮಾಡಿಕೊಂಡು ಹೊರಗೆ ನೋಡುವಷ್ಟರಲ್ಲಿ, ಬಸ್ಸು ಹೊರಡುವ ಮೊದಲೇ, ಅವನು ಮನೆಯ ದಾರಿ ಹಿಡಿದಿದ್ದ.