ಶನಿವಾರದ ತೋಳ

ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ನಾಯಿಗೆ ಹಸಿ ಮಾಂಸವನ್ನೇ ಹಾಕುತ್ತಿದ್ದರು. ನಾಯಿ ಕಂದೋ ಕಪ್ಪೋ, ನನ್ನ ನೆನಪು ದಿನಕ್ಕೊಂದು ಬಣ್ಣ ಬಳಿಯುತ್ತದೆ. ಅವರ ಎತ್ತಿದ ತೋರುಬೆರಳು ಮಾತ್ರ ಬದಲಾಗುವುದಿಲ್ಲ.

"ಬೇಯಿಸಿದ್ದು ಇದಕ್ಕೆ ವಿಷ. ತೋಳದ ವಂಶ ಕಣಪ್ಪ."

ಶನಿವಾರ ಅವರ ಮನೆಗೆ ಮಾಂಸ ತರುವಂತಿರಲಿಲ್ಲ. ಅಂದು ತೋಳಕ್ಕೆ ಹೆಸರುಬೇಳೆ ಕೋಸಂಬರಿ. ಅದೂ ಹಸಿಯದೇ ತಾನೆ.

ಅಂಥದೊಂದು ಶನಿವಾರ ನಾಯಿ ಕಾಣೆಯಾಯಿತು. ಗಾಬರಿಯಿಂದ ಹುಡುಕುತ್ತ ಬಂದವರಿಗೆ ಅದು ನಮ್ಮ ಹಿತ್ತಲಲ್ಲಿ ಅಮ್ಮ ಹಾಕಿದ ಮುದ್ದೆ, ಬಸ್ಸಾರು ತಿನ್ನುತ್ತ ಸಿಕ್ಕಿತು. ಕರೆದರೂ ತಲೆಯೆತ್ತಲಿಲ್ಲ.

"ತೋಳ ನಿಮ್ದೇ ಸಾರ್," ಎಂದಳು ಅಮ್ಮ. "ಊಟ ಮುಗಿಸ್ಲಿ, ಕರ್ಕೊಂಡ್ಹೋಗಿ."

ಅವರು ಬೆರಳು ಎತ್ತಿದರು, ಇಳಿಸಿದರು.

"ನಾಳೆ ಮಾಂಸ ತಂದ್ಕೊಡ್ತೀನಿ, ಬೇಯ್ಸಿಡಮ್ಮ. ಬೀದೀಲಿ ಯಾರಾದ್ರೂ ಕೇಳಿದ್ರೆ ಹಸೀದೇ ಅನ್ನು."